ನಮ್ಮ ಬಾಯೊಳಗಿನ ಒಕ್ಕಲು

(ಮಾನ್ವಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಭಾಷಣದ ಬರಹ ರೂಪ)



ಜಗನ್ನಾಥದಾಸರು ಬಾಳಿದ ಊರಿಗೆ ಬಂದು ಬಾಯಿಯ ಬಗ್ಗೆ ಮಾತನಾಡುವವನು ಹರಿನಾಮದ ಬಗ್ಗೆ ಮಾತನಾಡಿದರೆ ಚೆಂದ. ಆದರೆ ನಾನು ಇವತ್ತು ಆರಿಸಿಕೊಂಡಿರುವುದು ಬಾಯಿಂದ ಹೊರಡುವ ಸಂಗತಿಯನ್ನಲ್ಲ, ಬಾಯೊಳಗೆ ಸದ್ದಿಲ್ಲದೆ ಕುಳಿತಿರುವ ಸಂಗತಿಯನ್ನು. ವಿಷಯ ಸ್ವಲ್ಪ ಹೇಸಿಗೆ ಅನ್ನಿಸಬಹುದು. ಹತ್ತು ನಿಮಿಷ ಸಹಿಸಿಕೊಂಡರೆ ಹೇಸಿಗೆ ಹೋಗಿ ಕುತೂಹಲ ಉಳಿಯುತ್ತದೆ ಎಂಬುದು ನನ್ನ ನಂಬಿಕೆ.

ಈ ಸಭೆಯಲ್ಲಿ ನಾವು ನೂರು ಜನ ಇದ್ದೇವೆಂದು ಇಟ್ಟುಕೊಳ್ಳೋಣ. ಯಾರಿಗೂ ಕಾಯಿಲೆಯಿಲ್ಲ; ಎಲ್ಲರೂ ಮಧ್ಯಾಹ್ನ ಜೋಳದ ರೊಟ್ಟಿ ಉಂಡು ಬಂದ ಗಟ್ಟಿ ಜನ. ಒಬ್ಬೊಬ್ಬರಿಗೂ ಎರಡು ಚಮಚೆಯಷ್ಟು ಶುದ್ಧವಾದ ಉಪ್ಪುನೀರು ಕೊಟ್ಟು, ಒಂದು ನಿಮಿಷ ಮುಕ್ಕಳಿಸಿ ಬೇರೆ ಬೇರೆ ಬಾಟಲಿಗೆ ಉಗುಳಿ ಎಂದು ಕೇಳೋಣ. ಆ ಬಾಟಲಿಗಳು ಪ್ರಯೋಗಾಲಯಕ್ಕೆ ಹೋಗುತ್ತವೆ. ಅಲ್ಲಿ ಒಂದೊಂದು ಹನಿಯನ್ನು ಸಕ್ಕರೆ ಬೆರೆಸಿದ ಗಟ್ಟಿ ಗಂಜಿಯಂಥ ಅಗರ್ ತಟ್ಟೆಯ ಮೇಲೆ ಸವರಿ, ನಮ್ಮ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡು ದಿನ ಇಡುತ್ತಾರೆ. ಮೂರನೆಯ ದಿನ ತೆಗೆದು ನೋಡಿದರೆ ಸುಮಾರು ಮೂವತ್ತರಿಂದ ಐವತ್ತು ತಟ್ಟೆಗಳ ಮೇಲೆ, ಮೊಸರಿನ ಹನಿ ಸಿಡಿದು ಬಿದ್ದಂತೆ, ನುಣುಪಾದ ಬಿಳಿ ಬೊಟ್ಟುಗಳು ಎದ್ದಿರುತ್ತವೆ. ಮೂಗಿನ ಹತ್ತಿರ ತಂದರೆ ಹುದುಗಿದ ಹಿಟ್ಟಿನ ವಾಸನೆ. ಅವು ಯೀಸ್ಟ್‌ಗಳು. ಅಂದರೆ ಇಲ್ಲಿ ಕುಳಿತಿರುವ ಆರೋಗ್ಯವಂತರಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗಿನ ಜನ ಈ ಒಕ್ಕಲನ್ನು ಬಾಯಲ್ಲಿಟ್ಟುಕೊಂಡೇ ಬಂದಿದ್ದಾರೆ. ಇನ್ನೂ ಸೂಕ್ಷ್ಮವಾದ ವಿಧಾನ ಬಳಸಿದರೆ ಸಂಖ್ಯೆ ಏರುತ್ತದೆ. 2010ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನ ವಿಜ್ಞಾನಿಗಳು ಇಪ್ಪತ್ತು ಜನ ಆರೋಗ್ಯವಂತರ ಬಾಯಿಯ ನೀರಿನಲ್ಲಿ ಶಿಲೀಂಧ್ರಗಳ ಡಿಎನ್‌ಎ ಹುಡುಕಿದರು. ಹದಿನೈದು ಜನರಲ್ಲಿ ಈ ಬಿಳಿ ಬೊಟ್ಟಿನ ಕುಲ ಸಿಕ್ಕಿತು. ಅದರ ಜೊತೆಗೆ ಗಾಳಿಯಲ್ಲಿ, ಮಣ್ಣಿನಲ್ಲಿ, ಹಳಸಿದ ಅನ್ನದ ಮೇಲೆ ಕಾಣುವ ಬೂಸ್ಟುಗಳ ದೊಡ್ಡ ಪಟ್ಟಿಯೇ ಸಿಕ್ಕಿತು. ಒಬ್ಬೊಬ್ಬರ ಬಾಯಲ್ಲೂ ಒಂಬತ್ತರಿಂದ ಇಪ್ಪತ್ಮೂರು ಜಾತಿಗಳು.

ಇದನ್ನು ಕೇಳಿದ ಕೂಡಲೇ ಮನಸ್ಸು ಔಷಧಿಯಂಗಡಿಯ ಕಡೆ ಓಡುತ್ತದೆ. ಓಡಬೇಡಿ. ಅಲ್ಲಿ ಅದು ಇದೆ ಎನ್ನುವುದೂ ಅದರಿಂದ ಕಾಯಿಲೆ ಬಂದಿದೆ ಎನ್ನುವುದೂ ಒಂದೇ ಅಲ್ಲ. ಈ ಒಂದು ವ್ಯತ್ಯಾಸವನ್ನು ಅರಿಯಲು ವೈದ್ಯಲೋಕಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಪತ್ರಿಕೆ, ಟೀವಿಗಳು ಅದನ್ನು 2021ರಲ್ಲಿಯೂ ಮರೆತವು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ಮಾತು. ಯೀಸ್ಟ್ ಎಂಬುದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಶಬ್ದವಿಲ್ಲ. ಕೆಲಸಕ್ಕೆ ಹೆಸರಿದೆ: ಹಿಟ್ಟು ಹುದುಗುತ್ತದೆ, ಉಬ್ಬುತ್ತದೆ, ಅಂಬಲಿಗೆ ಹುಳಿ ಬರುತ್ತದೆ, ಈಚಲು ಮರದಿಂದ ಬೆಳಿಗ್ಗೆ ಸಿಹಿಯಾಗಿ ಇಳಿದ ನೀರಾ ಹೊತ್ತೇರುವುದರೊಳಗೆ ನೊರೆಯೆದ್ದು ಸೇಂದಿಯಾಗುತ್ತದೆ. ಮಾಡುವವನು ಕಣ್ಣಿಗೆ ಕಾಣದ್ದರಿಂದ ಅವನಿಗೆ ನಮ್ಮ ಹಿರಿಯರು ಹೆಸರಿಡಲಿಲ್ಲ. ಸಂಸ್ಕೃತದಲ್ಲಿ ಮಾತ್ರ ‘ಕಿಣ್ವ’ ಎಂಬ ಹಳೆಯ ಶಬ್ದವೊಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಉಸ್ತುವಾರಿ ನೋಡುವ ಅಧಿಕಾರಿಯ ಅಧ್ಯಾಯದಲ್ಲಿ ಅದು ಬರುತ್ತದೆ. ಮದ್ಯ ಹುದುಗಿಸಲು ಹಾಕುವ ಮೂಲದ್ರವ್ಯ ಎಂದು ಅದರ ಅರ್ಥ. ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಅದೇ ಕಿಣ್ವ ಎನ್‌ಜೈಮ್‌ಗೆ ಕನ್ನಡ ಶಬ್ದವಾಗಿದೆ. ಇದನ್ನು ತಪ್ಪು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಹತ್ತೊಂಬತ್ತನೆಯ ಶತಮಾನದಲ್ಲಿ ಎನ್‌ಜೈಮ್ ಎಂಬ ಶಬ್ದ ಕಟ್ಟಿದಾಗ ಗ್ರೀಕ್ ಭಾಷೆಯಿಂದ ತೆಗೆದುಕೊಂಡ ಅರ್ಥವೂ ‘ಹುದುಗಿನೊಳಗಿನದು’ ಎಂದೇ. ಹಾಗಾಗಿ ನಮ್ಮ ಪಠ್ಯಪುಸ್ತಕದವರು ಹಿಡಿದದ್ದು ಅದೇ ದಾರಿ.

ಯೀಸ್ಟ್ ಎಂದರೆ ಶಿಲೀಂಧ್ರದ ವಂಶದ ಒಂಟಿಕೋಶದ ಜೀವಿ. ಹಳೆಯ ರೊಟ್ಟಿಯ ಮೇಲಿನ ಬೂಸ್ಟು ನೂಲು ಬಿಟ್ಟು ಬೆಳೆಯುತ್ತದೆ. ಇದು ಹಾಗಲ್ಲ, ಮೊಗ್ಗೊಡೆದು ಎರಡಾಗುತ್ತದೆ. ಒಂದು ಮಿಲಿಮೀಟರಿನ ಉದ್ದಕ್ಕೆ ಇನ್ನೂರು ಯೀಸ್ಟ್ ಕೋಶಗಳನ್ನು ಸಾಲಾಗಿ ಜೋಡಿಸಬಹುದು. ಬಾಯಿಯ ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಇದು ಆನೆ. ಆದರೆ ಬಾಯಲ್ಲಿ ಬ್ಯಾಕ್ಟೀರಿಯಾಗಳದ್ದೇ ಸಂತೆ. ಯೀಸ್ಟ್ ಅದರ ನಡುವೆ ಅಲ್ಲೊಂದು ಇಲ್ಲೊಂದು. ಆರೋಗ್ಯವಂತನ ಉಗುಳಿನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಕೆಲವು ನೂರಕ್ಕಿಂತ ಕಡಿಮೆ.

ಇಡ್ಲಿ, ಬ್ರೆಡ್ಡು, ಅಂಬಲಿ ತಿಂದುದರಿಂದ ಇದು ಬಂತೇ ಎಂದು ಕೇಳುವವರುಂಟು. ಇಲ್ಲ. ಬ್ರೆಡ್ಡಿನ ಮತ್ತು ಸೇಂದಿಯ ಯೀಸ್ಟ್ ಬೇರೆ ಮನೆತನ. ಅದು ಬಾಯಿಗೆ ಬಂದರೂ ನೆಂಟರಂತೆ ಬಂದು ಹೋಗುತ್ತದೆ. ಬಾಯಲ್ಲಿ ಮನೆ ಮಾಡಿಕೊಂಡಿರುವುದು ಹೆಚ್ಚಾಗಿ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬುದು. ಈ ಹೆಸರನ್ನು ನೋಡಿ. ಲ್ಯಾಟಿನ್‌ನಲ್ಲಿ ಕ್ಯಾಂಡಿಡಾ ಎಂದರೆ ಹೊಳೆಯುವ ಬಿಳುಪು, ಆಲ್ಬಿಕಾನ್ಸ್ ಎಂದರೆ ಬೆಳ್ಳಗಾಗುವಂಥದು. ಬಿಳಿಗೆ ಬಿಳಿ ಹಚ್ಚಿದ ಹೆಸರು. ಹಳೆಯ ರೋಮಿನಲ್ಲಿ ಅಧಿಕಾರದ ಸ್ಥಾನಕ್ಕೆ ಸ್ಪರ್ಧಿಸುವವರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ನಿಲುವಂಗಿ ತೊಟ್ಟು ಬರುತ್ತಿದ್ದರು. ಅವರಿಗೆ ಕ್ಯಾಂಡಿಡೇಟ್ ಎಂಬ ಹೆಸರು ಬಂದದ್ದೂ ಇದೇ ಶಬ್ದದಿಂದ. ಬಿಳಿ ಬಟ್ಟೆ ತೊಟ್ಟು ಬಾಗಿಲಿಗೆ ಬರುವವರು ಯಾವಾಗ ತೊಂದರೆ ಕೊಡುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂದು ತಿಳಿದಿರುವುದು ಎರಡು ಕಡೆಯಲ್ಲೂ ಒಳ್ಳೆಯದು.

ಇದು ನಮ್ಮ ಬಾಯಿಗೆ ಬರುವುದು ಎಲ್ಲಿಂದ? ಬಹುಮಟ್ಟಿಗೆ ತಾಯಿಯಿಂದ. ಹೆರಿಗೆಯ ಹೊತ್ತಿನಲ್ಲಿ, ಆಮೇಲೆ ಎದೆಹಾಲಿನ ಹೊತ್ತಿನಲ್ಲಿ, ಮುತ್ತಿನಲ್ಲಿ, ಬೆರಳಿನಲ್ಲಿ, ರೊಟ್ಟಿಯ ಚೂರನ್ನು ತಾನು ಅಗಿದು ಮೆತ್ತಗೆ ಮಾಡಿ ಕೂಸಿನ ಬಾಯಿಗಿಡುವುದರಲ್ಲಿ. ಹುಟ್ಟಿದ ಕೆಲವೇ ವಾರಗಳಲ್ಲಿ ಅನೇಕ ಮಕ್ಕಳ ಬಾಯಲ್ಲಿ ಇದು ಸೇರಿಕೊಂಡಿರುತ್ತದೆ. ಒಂದೇ ಮನೆಯವರ ಬಾಯಲ್ಲಿ ಒಂದೇ ತಳಿ ಸಿಗುವುದೂ ಉಂಟು. ನಮ್ಮ ನಾಡಿನಲ್ಲಿ ಎಂಜಲು ಎಂಬುದಕ್ಕೆ ದೊಡ್ಡ ಕಾನೂನೇ ಇದೆ. ಗಂಡನ ಎಂಜಲು ಹೆಂಡತಿಗೆ ಪ್ರಸಾದ, ಕೂಸಿನ ಎಂಜಲು ಎಂಜಲೇ ಅಲ್ಲ, ದೇವರ ಎಂಜಲು ಪುಣ್ಯ, ನೆರೆಯವನದು ಮೈಲಿಗೆ. ಹಳ್ಳಿಯ ಚಹಾದಂಗಡಿಗಳಲ್ಲಿ ಕೆಲವರಿಗೆಂದೇ ಬೇರೆ ಲೋಟ ಇಟ್ಟು, ಅವರೇ ತೊಳೆದು ಗೂಡಿನಲ್ಲಿಡಬೇಕೆಂಬ ಕಟ್ಟು ಇದ್ದ ಕಾಲವನ್ನು ಈ ಸಭೆಯಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೀರಿ. ಎಂಜಲಿನ ಭಯವೇ ಅದಕ್ಕೆ ಕಾರಣವೆಂದು ಯಾರಾದರೂ ಸಮರ್ಥಿಸಿದರೆ, ಆ ನೂರು ತಟ್ಟೆಗಳನ್ನು ಅವರ ಮುಂದಿಡಬೇಕು. ಯಾವ ತಟ್ಟೆ ಯಾವ ಓಣಿಯದು ಎಂದು ಗುರುತಿಸಲು ಯಾವ ಪ್ರಯೋಗಾಲಯಕ್ಕೂ ಆಗದು.

ಸರಿ, ಇಷ್ಟು ಜನರ ಬಾಯಲ್ಲಿದ್ದೂ ಇದು ಸುಮ್ಮನೆ ಏಕಿರುತ್ತದೆ? ಕಾವಲು ಇದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಉಗುಳು ಸುರಿಯುತ್ತದೆ. ಅದು ಬರೀ ನೀರಲ್ಲ. ಅದರಲ್ಲಿ ಯೀಸ್ಟನ್ನು ಕೊಲ್ಲುವ ಹಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನುಗಳಿವೆ, ಲೈಸೊಜೈಮ್ ಇದೆ, ಪ್ರತಿಕಾಯಗಳಿವೆ. ನುಂಗಿದಾಗಲೆಲ್ಲ ಸಾವಿರಾರು ಜೀವಿಗಳು ಹೊಟ್ಟೆಯ ಆಮ್ಲಕ್ಕೆ ಬೀಳುತ್ತವೆ. ಜೊತೆಗೆ ಬ್ಯಾಕ್ಟೀರಿಯಾಗಳು ಜಾಗ, ಆಹಾರ ಎರಡಕ್ಕೂ ಜಗಳಕ್ಕೆ ನಿಂತಿರುತ್ತವೆ. ಕೆನ್ನೆಯ ಒಳಚರ್ಮವೂ ದಿನದಿನಕ್ಕೆ ಹಳೆಯ ಪದರವನ್ನು ಉದುರಿಸುತ್ತದೆ. ಅದಕ್ಕೆ ಅಂಟಿಕೊಂಡವನೂ ಅದರೊಡನೆ ಹೋಗಬೇಕು. ಇಷ್ಟರ ನಡುವೆ ಯೀಸ್ಟ್ ಉಳಿದುಕೊಂಡಿರುವುದು ಹೆಚ್ಚಾಗಿ ನಾಲಿಗೆಯ ಹಿಂಭಾಗದ ಒರಟು ಮೈಯಲ್ಲಿ.

ಈ ಕಾವಲಿನಲ್ಲಿ ಎಲ್ಲೋ ಒಂದು ಕಡೆ ಕಿಂಡಿಯಾದರೆ ಕಥೆ ಬದಲಾಗುತ್ತದೆ. ದುಂಡಗೆ ಕುಳಿತಿದ್ದ ಕೋಶ ನೂಲು ಬಿಡುತ್ತದೆ. ಈ ನೂಲು ಪಕ್ಕದ ಚರ್ಮದ ಕೋಶದೊಳಕ್ಕೆ ಬೇರಿನಂತೆ ಇಳಿಯುತ್ತದೆ. ಇಳಿಯುವಾಗ ಕೋಶವನ್ನು ಗಾಯಗೊಳಿಸುವ ವಿಷವೊಂದನ್ನು ಸ್ರವಿಸುತ್ತದೆ ಎಂಬುದು ಗೊತ್ತಾದದ್ದು 2016ರಲ್ಲಿ. ಅದಕ್ಕೆ ಕ್ಯಾಂಡಿಡಾಲೈಸಿನ್ ಎಂದು ಹೆಸರಿಟ್ಟಿದ್ದಾರೆ. ಆಗ ಬಾಯಲ್ಲಿ ಹಾಲಿನ ಕೆನೆ ಮೆತ್ತಿದಂಥ ಬಿಳಿ ಪದರ ಕಟ್ಟುತ್ತದೆ. ಹತ್ತಿಯಿಂದ ಒರೆಸಿದರೆ ಕಿತ್ತು ಬರುತ್ತದೆ, ಕೆಳಗೆ ಕೆಂಪಗೆ, ಕೆಲವೊಮ್ಮೆ ರಕ್ತ ಜಿನುಗುವ ಮೈ. ‘ಕೂಸಿನ ಬಾಯಾಗ ಹಾಲು ಕಟ್ಟೇದ’ ಎಂದು ಮನೆಯ ಹಿರಿಯ ಹೆಂಗಸರು ಹೇಳುವುದರಲ್ಲಿ ಒಮ್ಮೊಮ್ಮೆ ನಿಜವಾದ ಹಾಲೇ ಇರುತ್ತದೆ, ಒಮ್ಮೊಮ್ಮೆ ಇದಿರುತ್ತದೆ. ಹಾಲಾದರೆ ಸುಲಭವಾಗಿ ಒರೆಸಿಹೋಗುತ್ತದೆ, ಕೆಳಗೆ ಕೆಂಪು ಉಳಿಯುವುದಿಲ್ಲ.

ಇಷ್ಟನ್ನು ಕಂಡುಹಿಡಿದ ದಾರಿ ನೇರವಾಗಿರಲಿಲ್ಲ. ದುರ್ಬಲರಾದ ರೋಗಿಗಳ ಬಾಯಲ್ಲಿ ಬಿಳಿಹುಣ್ಣು ಏಳುವುದನ್ನು ಗ್ರೀಸಿನ ಹಿಪ್ಪೊಕ್ರಟೀಸನ ಕಾಲದವರು ಬರೆದಿಟ್ಟಿದ್ದರು. ನಮ್ಮ ಸುಶ್ರುತಸಂಹಿತೆ ಬಾಯಿಯ ರೋಗಗಳನ್ನು ಅರವತ್ತೈದೆಂದು ಎಣಿಸಿ, ತುಟಿ, ಒಸಡು, ಹಲ್ಲು, ನಾಲಿಗೆ, ಅಂಗುಳ, ಗಂಟಲು ಎಂದು ಜಾಗ ಜಾಗಕ್ಕೆ ಹಂಚಿದೆ. ಅದರಲ್ಲಿ ಇಂಥದ್ದೇ ಈ ಯೀಸ್ಟಿನ ರೋಗ ಎಂದು ಬೆರಳಿಟ್ಟು ತೋರಿಸುವ ಉತ್ಸಾಹ ಬೇಡ. ಅವರು ನೋಡಿದ್ದು ಕಣ್ಣಿಗೆ ಕಂಡದ್ದನ್ನು, ಆದರೆ ಚೆನ್ನಾಗಿ ನೋಡಿದ್ದರು. ಚರಕಸಂಹಿತೆಯಲ್ಲಿ ನಾಲಿಗೆ ಹೆರೆಯುವ ಸಾಧನವನ್ನು ಚಿನ್ನ, ಬೆಳ್ಳಿ, ತಾಮ್ರ ಮೊದಲಾದ ಲೋಹದಿಂದ ಮಾಡಬೇಕೆಂದು ಹೇಳಿದೆ. ಚಿನ್ನವಿಲ್ಲದ ನಮ್ಮ ಮನೆಗಳಲ್ಲಿ ಬೇವಿನ ಕಡ್ಡಿಯನ್ನು ಹಲ್ಲಿಗೆ ತಿಕ್ಕಿ, ಕೊನೆಗೆ ಅದನ್ನೇ ಉದ್ದಕ್ಕೆ ಸೀಳಿ ಬಾಗಿಸಿ ನಾಲಿಗೆ ಹೆರೆದು ಎಸೆಯುತ್ತಿದ್ದರು. ಯೀಸ್ಟ್ ಕುಳಿತುಕೊಳ್ಳುವ ಜಾಗ ನಾಲಿಗೆಯೇ ಎಂಬುದನ್ನು ನೆನೆದರೆ ಅದು ದಡ್ಡ ಪದ್ಧತಿಯಲ್ಲ.

ಸೂಕ್ಷ್ಮದರ್ಶಕದಲ್ಲಿ ಮೊದಲು ಯೀಸ್ಟನ್ನು ನೋಡಿದವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್, 1680ರಲ್ಲಿ, ಬಿಯರ್‌ನ ಹನಿಯಲ್ಲಿ. ಮೂರು ವರ್ಷದ ಮೇಲೆ ಅವನೇ ತನ್ನ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನೂ, ಬಾಯಿಯನ್ನೇ ತೊಳೆಯದ ಒಬ್ಬ ಮುದುಕನ ಹಲ್ಲಿನ ಕೊಳೆಯನ್ನೂ ಕಡ್ಡಿಯಿಂದ ಕೆರೆದು ನೋಡಿ, ಅಲ್ಲಿ ಓಡಾಡುವ ಅತಿಸಣ್ಣ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಬಾಯಲ್ಲೂ ಯೀಸ್ಟ್ ಇದೆಯೆಂದು ಅವನು ಬರೆಯಲಿಲ್ಲ. ಅದಕ್ಕೆ ಇನ್ನೂ ಒಂದೂವರೆ ಶತಮಾನ ಬೇಕಾಯಿತು. 1839ರಲ್ಲಿ ಜರ್ಮನಿಯ ಲ್ಯಾಂಗನ್‌ಬೆಕ್ ಎಂಬ ವೈದ್ಯ ಜ್ವರದಲ್ಲಿ ಸತ್ತವನೊಬ್ಬನ ಗಂಟಲಿನ ಬಿಳಿ ಪದರದಲ್ಲಿ ಶಿಲೀಂಧ್ರ ಕಂಡ. ಕಂಡದ್ದು ಸರಿ. ಆದರೆ ಆ ಜ್ವರಕ್ಕೇ ಇದು ಕಾರಣವೆಂದುಕೊಂಡ. ಮನೆಯಲ್ಲಿ ಕಳುವಾದಾಗ ಮೊದಲು ಕಣ್ಣಿಗೆ ಬಿದ್ದವನನ್ನೇ ಕಳ್ಳನೆಂದು ಹಿಡಿದಂತೆ. ರೋಗಿ ಜ್ವರದಿಂದ ಬಸವಳಿದ ಮೇಲೆ ಶಿಲೀಂಧ್ರ ಹಬ್ಬಿತ್ತು, ಶಿಲೀಂಧ್ರದಿಂದ ಜ್ವರ ಬಂದಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಸ್ಟಾಕ್‌ಹೋಮ್‌ನ ಬರ್ಗ್ ಮತ್ತು ಪ್ಯಾರಿಸ್‌ನ ಗ್ರೂಬಿ ಹಸುಗೂಸುಗಳ ಬಾಯಿಯ ಬಿಳುಪಿಗೆ ಮಾತ್ರ ಇದನ್ನು ಸರಿಯಾಗಿ ಜೋಡಿಸಿದರು. ವೈದ್ಯರಲ್ಲಿ ಇದಕ್ಕೆ ‘ರೋಗಿಗಳ ರೋಗ’ ಎಂಬ ಹಳೆಯ ಅಡ್ಡಹೆಸರೇ ಇದೆ. ಅಷ್ಟು ಚಿಕ್ಕ ಮಾತಿನಲ್ಲಿ ಅಷ್ಟು ದೊಡ್ಡ ಸತ್ಯ ಹೇಳಿದ್ದು ಕಡಿಮೆ. ಕ್ಯಾಂಡಿಡಾ ಎಂಬ ಕುಲದ ಹೆಸರು 1923ರಲ್ಲಿ ಕೊಟ್ಟವರು ಹಾಲೆಂಡಿನ ಕ್ರಿಸ್ಟೀನ್ ಬರ್ಕೌಟ್ ಎಂಬ ಮಹಿಳೆ.

ಇದರ ಔಷಧಿಯ ಕಥೆಯೂ ಇಬ್ಬರು ಮಹಿಳೆಯರದು, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1940ರ ದಶಕದಲ್ಲಿ ಪೆನಿಸಿಲಿನ್ ಮೊದಲಾದ ಆ್ಯಂಟಿಬಯಾಟಿಕ್‌ಗಳು ಬಂದವು. ಬ್ಯಾಕ್ಟೀರಿಯಾಗಳು ಸತ್ತವು. ಆದರೆ ಅವುಗಳೊಡನೆ ಜಾಗಕ್ಕಾಗಿ ಜಗಳವಾಡುತ್ತಿದ್ದ ಯೀಸ್ಟಿಗೆ ಬಯಲು ಖಾಲಿಯಾಯಿತು. ಒಂದು ಕಾಯಿಲೆ ವಾಸಿಯಾದ ರೋಗಿಯ ಬಾಯಿ, ಕರುಳು ಬೆಳ್ಳಗಾಗತೊಡಗಿತು. ಆಗ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್ ಎಂಬ ಸೂಕ್ಷ್ಮಜೀವಿ ತಜ್ಞೆ ಮತ್ತು ರೇಚೆಲ್ ಬ್ರೌನ್ ಎಂಬ ರಸಾಯನ ವಿಜ್ಞಾನಿ ಇದ್ದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿ ಊರಿನಲ್ಲಿ. ಹೇಜನ್ ಬೇರೆ ಬೇರೆ ಕಡೆಯ ಮಣ್ಣು ತರಿಸಿ, ಅದರಲ್ಲಿನ ಸೂಕ್ಷ್ಮಜೀವಿಗಳಲ್ಲಿ ಯಾವುದು ಕ್ಯಾಂಡಿಡಾವನ್ನು ತಡೆಯುತ್ತದೆ ಎಂದು ಪರೀಕ್ಷಿಸುವುದು. ಭರವಸೆ ಕಂಡರೆ ಅದನ್ನು ಗಾಜಿನ ಭರಣಿಯಲ್ಲಿಟ್ಟು ಟಪಾಲಿನಲ್ಲಿ ಆಲ್ಬನಿಗೆ ಕಳಿಸುವುದು. ಬ್ರೌನ್ ಅದರಲ್ಲಿನ ಸಾರವನ್ನು ಬೇರ್ಪಡಿಸಿ ಮತ್ತೆ ಟಪಾಲಿಗೆ ಹಾಕುವುದು. ಹೀಗೆ ಅಂಚೆಯಣ್ಣನ ಚೀಲದಲ್ಲಿ ಸಂಶೋಧನೆ ಓಡಾಡಿತು. ಸಿಕ್ಕವುಗಳಲ್ಲಿ ಬಹುಪಾಲು ಯೀಸ್ಟಿನೊಡನೆ ಪ್ರಾಣಿಗಳನ್ನೂ ಕೊಲ್ಲುವಂಥವು. ಕೊನೆಗೆ ಹೇಜನ್ ಅವರ ಸ್ನೇಹಿತರಾದ ನರ್ಸ್ ಎಂಬ ಮನೆತನದವರ, ವರ್ಜೀನಿಯಾದ ಹೈನುಗಾರಿಕೆಯ ತೋಟದ ಮಣ್ಣಿನಲ್ಲಿ ಬೇಕಾದ್ದು ಸಿಕ್ಕಿತು. ಆ ಸೂಕ್ಷ್ಮಜೀವಿಗೆ ತೋಟದವರ ಹೆಸರು, ಔಷಧಿಗೆ ತಮ್ಮ ನ್ಯೂಯಾರ್ಕ್ ಸ್ಟೇಟ್‌ನ ಹೆಸರು: ನಿಸ್ಟಾಟಿನ್. 1950ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಅದರ ಹಕ್ಕಿನಿಂದ ಬಂದ 1 ಕೋಟಿ 30 ಲಕ್ಷ ಡಾಲರಿಗೂ ಮಿಕ್ಕ ಹಣದಲ್ಲಿ ಇಬ್ಬರೂ ತಮಗೆಂದು ಇಟ್ಟುಕೊಳ್ಳಲಿಲ್ಲ. ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನಗರ ಪ್ರವಾಹದಲ್ಲಿ ಮುಳುಗಿ ಚಿತ್ರಗಳಿಗೆಲ್ಲ ಬೂಸ್ಟು ಹಿಡಿದಾಗ ಅವನ್ನು ಉಳಿಸಲೂ ಇದೇ ಔಷಧಿ ಬಳಸಿದರು. ನೀವು ಮಗುವಿನ ಬಾಯಿಗೆ ಹನಿಸುವ ಹಳದಿ ದ್ರವದ ಹಿಂದೆ ಇಷ್ಟು ಕಥೆಯಿದೆ. ಅದಕ್ಕೂ ಮೊದಲು ನಮ್ಮಲ್ಲಿ ಕಾಂಪೌಂಡರ್ ಹಚ್ಚುತ್ತಿದ್ದುದು ಜೆನ್ಷನ್ ವಯೊಲೆಟ್. ಬಾಯಿ, ತುಟಿ, ಕುಪ್ಪಸ, ತಾಯಿಯ ಸೆರಗು ಎಲ್ಲವೂ ನೇರಳೆ ಆಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

‘ರೋಗಿಗಳ ರೋಗ’ ಎಂಬ ಮಾತಿಗೆ ಘೋರವಾದ ಅರ್ಥ ಬಂದದ್ದು 1981ರಲ್ಲಿ. ಆ ವರ್ಷದ ಜೂನ್ 5ರಂದು ಅಮೆರಿಕದ ಸರ್ಕಾರಿ ಆರೋಗ್ಯ ವಾರಪತ್ರದಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ವರದಿ ಬಂತು. ಐವರಿಗೂ ಅಪರೂಪದ ನ್ಯುಮೋನಿಯಾ, ಐವರಿಗೂ ಕ್ಯಾಂಡಿಡಾ ಸೋಂಕು. ಗಟ್ಟಿಮುಟ್ಟಾದ ಯುವಕರಿಗೆ ಇದು ಬರಬಾರದು. ಬಂದಿದೆಯೆಂದರೆ ಒಳಗಿನ ಕಾವಲೇ ಕುಸಿದಿರಬೇಕು ಎಂದು ವೈದ್ಯರು ಊಹಿಸಿದರು. ಏಡ್ಸ್ ಲೋಕಕ್ಕೆ ಗೊತ್ತಾದದ್ದು ಹೀಗೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಆಮೇಲಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳು ಆ ರೋಗದ ದೊಡ್ಡ ಹೊರೆ ಹೊತ್ತವು. ಬಿಳಿಯಾದ ಬಾಯಿ ಆಗ ಒಂದು ಗುರುತಾಯಿತು. ವೈದ್ಯರಿಗೆ ಅದು ಪರೀಕ್ಷೆ ಮಾಡಿಸಿ ಎನ್ನಲು ಸೂಚನೆ. ಊರಿಗೆ ಅದು ಬೆರಳು ತೋರಿಸಲು ನೆಪ. ನಾಚಿಕೆಗೆ ಬಾಯಿ ಮುಚ್ಚಿಕೊಂಡವರು ಆಸ್ಪತ್ರೆಗೆ ತಡವಾಗಿ ಹೋದರು. 2004ರಿಂದ ಸರ್ಕಾರದ ಉಚಿತ ಎಆರ್‌ಟಿ ಔಷಧಿ ಬಂದ ಮೇಲೆ ಎಚ್‌ಐವಿ ಇದ್ದೂ ದುಡಿದು ಬದುಕುವುದು ಸಾಧ್ಯವಾಗಿದೆ, ಕಾವಲು ಮತ್ತೆ ಕಟ್ಟಿಕೊಂಡಾಗ ಬಾಯಿಯ ಬಿಳುಪೂ ಹಿಂದೆ ಸರಿಯುತ್ತದೆ. ಬಾಯಿ ಬೆಳ್ಳಗಾದವರೆಲ್ಲರಿಗೂ ಎಚ್‌ಐವಿ ಇರುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತಹೀನತೆ, ಹತ್ತು ದಿನ ನುಂಗಿದ ಆ್ಯಂಟಿಬಯಾಟಿಕ್, ಕ್ಯಾನ್ಸರಿನ ಚಿಕಿತ್ಸೆ, ಉಬ್ಬಸಕ್ಕೆ ಸೇದುವ ಸ್ಟೆರಾಯ್ಡ್ ಪಂಪು, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟು, ಎಷ್ಟೋ ಕಾರಣಗಳಿವೆ.

ಈಗ 2021ರ ಮಾತು. ಕೋವಿಡ್‌ನ ಎರಡನೆಯ ಅಲೆ. ಸ್ಟೆರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಕೂಡಿಕೊಂಡು ಮ್ಯೂಕರ್‌ಮೈಕೋಸಿಸ್, ಅಂದರೆ ಎಲ್ಲರೂ ‘ಕಪ್ಪು ಶಿಲೀಂಧ್ರ’ ಎಂದ ರೋಗ, ಜನರ ಕಣ್ಣು, ದವಡೆ, ಪ್ರಾಣ ತೆಗೆಯುತ್ತಿತ್ತು. ಆ ಭಯ ನಿಜವಾದ ಭಯ. ಅದರ ನಡುವೆ ಮೇ ತಿಂಗಳಲ್ಲಿ ಪಟ್ನಾದಿಂದ ನಾಲ್ವರು ರೋಗಿಗಳ ಸುದ್ದಿ ಬಂತು: ‘ಬಿಳಿ ಶಿಲೀಂಧ್ರ, ಕಪ್ಪಿಗಿಂತ ಅಪಾಯಕಾರಿ’. ಟೀವಿಯಲ್ಲಿ ದಿನವಿಡೀ ಅದೇ. ಈ ಬಿಳಿ ಶಿಲೀಂಧ್ರ ಯಾವುದೋ ಹೊಸ ಪಿಶಾಚಿಯಲ್ಲ, ಹಳೆಯ ಕ್ಯಾಂಡಿಡಾ ಎಂದು ತಜ್ಞರು ಹೇಳುವ ಹೊತ್ತಿಗೆ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡು ನಡುಗಿದವರು ಬಹಳ. ಲ್ಯಾಂಗನ್‌ಬೆಕ್ 1839ರಲ್ಲಿ ಎಡವಿದ ಕಲ್ಲಿಗೇ ನಾವೂ ಎಡವಿದೆವು. ಹಾಗೆಂದು ಕ್ಯಾಂಡಿಡಾ ಸಾಧು ಎಂದೂ ತಿಳಿಯಬಾರದು. ತೀವ್ರ ನಿಗಾ ಘಟಕದಲ್ಲಿ ಮಲಗಿದವರ ರಕ್ತಕ್ಕೆ ಅದು ಇಳಿದರೆ ಬಹಳ ಜನ ಸಾಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೊದಲ ವರ್ಗದಲ್ಲಿ ನಮ್ಮ ಬಾಯಿಯ ಈ ಕ್ಯಾಂಡಿಡಾ ಆಲ್ಬಿಕಾನ್ಸ್ ಕೂಡ ಇದೆ. ಒಂದೇ ಜೀವಿ, ನಿಮ್ಮ ನಾಲಿಗೆಯ ಮೇಲೆ ಒಕ್ಕಲು, ಅಲ್ಲಿ ಕೊಲೆಗಾರ. ಜಾಗ ಯಾವುದು, ಮನೆಯ ಯಜಮಾನನಿಗೆ ಎಷ್ಟು ಬಲವಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಇನ್ನು ನಮ್ಮ ಮನೆಗಳ ಮಾತು. ಕೂಸಿನ ಬಾಯಿ ಬೆಳ್ಳಗಾದರೆ ಜೇನುತುಪ್ಪ ಸವರುವುದು ಈ ಕಡೆ ಬಹಳ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಹಸುಗೂಸಿನ ಕರುಳಿನಲ್ಲಿ ಮೊಳೆತು ಮೈಯ ನರಗಳನ್ನೇ ಸೋಲಿಸುವ ವಿಷ ಬಿಡಬಲ್ಲವು. ಜೇನಿಗೆ ಬಿಳಿಗಾರ ಬೆರೆಸಿ ಹಚ್ಚುವುದಂತೂ ಇನ್ನೂ ಕೆಟ್ಟದ್ದು. ಅದರಿಂದ ಮಕ್ಕಳಿಗೆ ಫಿಟ್ಸ್ ಬಂದದ್ದಿದೆ. ಒರಟು ಬಟ್ಟೆಯಿಂದ ಉಜ್ಜಿ ಕೀಳುವುದೂ ಬೇಡ. ಎದೆಹಾಲು ನಿಲ್ಲಿಸಬೇಡಿ, ತಾಯಿಯ ಮೊಲೆತೊಟ್ಟಿಗೂ ಸೋಂಕು ತಗುಲಿ ಉರಿಯುತ್ತಿದ್ದರೆ ಇಬ್ಬರಿಗೂ ಒಟ್ಟಿಗೆ ಔಷಧಿ ಕೊಡಬೇಕು, ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಹಲ್ಲಿನ ಸೆಟ್ಟು ಇರುವ ಹಿರಿಯರು ರಾತ್ರಿ ಅದನ್ನು ತೆಗೆದು ತೊಳೆದು ನೀರಿನಲ್ಲಿಡಬೇಕು. ಪಂಪು ಸೇದುವವರು ಸೇದಿದ ಕೂಡಲೇ ಬಾಯಿ ಮುಕ್ಕಳಿಸಬೇಕು. ದೊಡ್ಡವರ ಬಾಯಿ ಮೇಲಿಂದ ಮೇಲೆ ಬೆಳ್ಳಗಾಗುತ್ತಿದ್ದರೆ ಔಷಧಿಯಂಗಡಿಯಲ್ಲಿ ಫ್ಲುಕೊನಜೋಲ್ ಕೇಳಿ ನುಂಗುವುದಕ್ಕಿಂತ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ನಾಲಿಗೆಯ ಬಿಳುಪಿನ ಹಿಂದೆ ಗೊತ್ತೇ ಇಲ್ಲದ ಸಕ್ಕರೆ ಕಾಯಿಲೆ ಕುಳಿತಿರುವುದುಂಟು.

ಕಡೆಯದಾಗಿ ಒಂದು ಬಿಳುಪಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದು ಯೀಸ್ಟಿನದಲ್ಲ, ಆದರೆ ಯೀಸ್ಟಿನದೆಂದು ತಿಳಿದು ಜನ ಕಾಲ ಕಳೆಯುತ್ತಾರೆ. ನಮ್ಮ ಭಾಗದಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿ ಕೆಳದುಟಿಯೊಳಗೆ, ಕೆನ್ನೆಯೊಳಗೆ ಇಟ್ಟುಕೊಳ್ಳುವವರು ಕಡಿಮೆಯಿಲ್ಲ. ಹೊಲದ ಕೆಲಸದಲ್ಲಿ ಹಸಿವು ಮರೆಯಲು ಹೆಂಗಸರೂ ಇಡುತ್ತಾರೆ. ಗುಟ್ಕಾವನ್ನು 2013ರಲ್ಲಿ ಕರ್ನಾಟಕ ನಿಷೇಧಿಸಿದರೂ ಅಡಿಕೆಯ ಪುಡಿ, ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಸಿಕ್ಕು ಬಾಯಲ್ಲಿ ಒಂದಾಗುತ್ತವೆ. ಇವರ ಬಾಯಲ್ಲಿ ತಂಬಾಕು ಕೂರುವ ಜಾಗದಲ್ಲೇ ದಪ್ಪನೆಯ ಬಿಳಿ ಮಚ್ಚೆ ಏಳುತ್ತದೆ. ಬಟ್ಟೆಯಿಂದ ಒರೆಸಿ ನೋಡಿ: ಯೀಸ್ಟಿನ ಪದರ ಕಿತ್ತು ಬರುತ್ತದೆ, ಈ ಮಚ್ಚೆ ಕಿತ್ತು ಬರುವುದಿಲ್ಲ. ನೋವೂ ಇರುವುದಿಲ್ಲ, ಆದ್ದರಿಂದ ಯಾರೂ ಲೆಕ್ಕಿಸುವುದಿಲ್ಲ. ಇಂಥ ಮಚ್ಚೆಗಳಲ್ಲಿ ಕೆಲವು ಮುಂದೆ ಬಾಯಿಯ ಕ್ಯಾನ್ಸರ್ ಆಗುತ್ತವೆ. ಒರೆಸಿದರೆ ಹೋಗದ, ಎರಡು ವಾರವಾದರೂ ಹಾಗೇ ಇರುವ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಹಲ್ಲಿನ ವೈದ್ಯರಿಗೆ ತೋರಿಸಿ. ರಾಯಚೂರಿನಲ್ಲಿ ಎರಡು ದಂತವೈದ್ಯ ಕಾಲೇಜುಗಳಿವೆ, ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ಮಾನ್ವಿಯಿಂದ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯ ಹಾದಿ. ಬಾಯಿ ತೆರೆದು ತೋರಿಸಲು ಅಂಜಬೇಡಿ. ನೋಡುವ ವೈದ್ಯರ ಬಾಯಲ್ಲೂ ಈ ಒಕ್ಕಲು ಇರುವ ಸಂಭವ ನಿಮ್ಮಷ್ಟೇ ಇದೆ.